ಕೆರೆ ಏರಿಯ ಬುಡದಲ್ಲಿ ನೀರು ಒಸರುತ್ತಿದೆ, ಈ ವಾರ ಏನು ಮಾಡೋಣ?

ಅಡ್ಮಿನ್, ಸಿ ಬ್ಲಾಕ್: ವಾಕಿಂಗ್ ಟ್ರ್ಯಾಕಿನ ಮೂರನೇ ಬೆಂಚಿನ ನೇರಕ್ಕೆ, ಕೆರೆ ಏರಿಯ ಹೊರಮಗ್ಗುಲಿನ ಬುಡದಲ್ಲಿ ನೀರು ಬರುತ್ತಿದೆ. ಕೆರೆ ತುಂಬಿ ಕೋಡಿ (ಹೆಚ್ಚಿನ ನೀರು ಹೊರಹೋಗೋ ಜಾಗ) ಬೀಳೋಕೆ ಇನ್ನೂ ಎರಡಡಿ ಇದೆ. ಹಿಂಗಾರು ಮಳೆ ಶುರುವಾಗೋ ಮೊದಲು ತೀರ್ಮಾನ ಆಗಬೇಕು. ಫಾರ್ವರ್ಡ್ ಮೆಸೇಜ್ ಬೇಡ.

2ನೇ ಕ್ರಾಸ್: ನಾಲ್ಕು ಮೂಟೆ ಸಿಮೆಂಟ್ ಹಾಕಿ ಮುಚ್ಚಿಸಿದರೆ ಮುಗೀತಲ್ಲ? ಮೇಸ್ತ್ರಿ ಇದ್ದಾರೆ.

5ನೇ ಕ್ರಾಸ್ (ನಿವೃತ್ತ ನೀರಾವರಿ ಇಂಜಿನಿಯರ್): ಬೇಡವೇ ಬೇಡ ಸರ್. ಮಣ್ಣಿನ ಏರಿಯಲ್ಲಿ ಅಷ್ಟಿಷ್ಟು ಜಿನುಗು ಇದ್ದೇ ಇರುತ್ತೆ. ಹೊರಬಾಯಿ ಮುಚ್ಚಿದರೆ ಒಳಗೆ ನೀರಿನ ಒತ್ತಡ ಏರುತ್ತೆ. ಆಮೇಲೆ ಅದು ಬೇರೆ ಕಡೆ ಬಾಯಿ ತೆಗೆಯುತ್ತೆ, ಇಲ್ಲಾ ಇಡೀ ಮಗ್ಗುಲು ನೆನೆದು ಜಾರುತ್ತೆ.

ನೋಡಬೇಕಾದ್ದು ನೀರು ಮಣ್ಣು ಹೊತ್ತು ತರುತ್ತಾ ಅಂತ. ಗಾಜಿನ ಬಾಟಲಿಯಲ್ಲಿ ಹಿಡಿದು ಅಲುಗಾಡಿಸದೆ ಇಡಿ. ತಳದಲ್ಲಿ ಮಣ್ಣು ಕೂತರೆ ನೀರು ಏರಿಯನ್ನು ಒಳಗಿಂದ ಕೊರೆಯುತ್ತಿದೆ ಅಂತಲೇ ಅರ್ಥ. ತಿಳಿಯಾಗಿದ್ದರೆ ಸಣ್ಣ ಪೈಪ್ ಇಟ್ಟು ಬಕೆಟ್‌ಗೆ ಬಿಡಿ, ನಿಮಿಷಕ್ಕೆ ಎಷ್ಟು ಲೀಟರ್ ಅಂತ ಬರೆದಿಡಿ. ಪಕ್ಕದಲ್ಲೇ ಅವತ್ತಿನ ಕೆರೆ ಮಟ್ಟವನ್ನೂ ಬರೆಯಿರಿ, ಇಲ್ಲದಿದ್ದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಕೆರೆ ಮಟ್ಟ ಏರದೇ ಜಿನುಗು ಏರಿದರೆ ಅದೇ ಅಪಾಯ.

2ನೇ ಕ್ರಾಸ್: ಹಾಗಾದರೆ ರಿಪೇರಿ ಹೇಗೆ?

5ನೇ ಕ್ರಾಸ್: ನೀರು ಹೋಗಲಿ, ಮಣ್ಣು ನಿಲ್ಲಲಿ. ಒಸರುವ ಜಾಗದ ಸುತ್ತ 2 ಮೀಟರ್ ಉದ್ದ, 2 ಮೀಟರ್ ಅಗಲ ಹುಲ್ಲು ಕೆತ್ತಿ, ಕೆಳಗೆ 15 ಸೆಂ.ಮೀ. ಒರಟು ಮರಳು, ಅದರ ಮೇಲೆ ಅಷ್ಟೇ ದಪ್ಪ 12 ಎಂಎಂ ಜಲ್ಲಿ, ಮೇಲೆ 40 ಎಂಎಂ ಜಲ್ಲಿ. ಒಂದೊಂದು ಪದರಕ್ಕೆ ಸುಮಾರು 21 ಸಿಎಫ್‌ಟಿ (ಘನ ಅಡಿ) ಬೇಕು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಆದರೆ ತೊಳೆದದ್ದೇ ಆಗಬೇಕು, ಪುಡಿ ಸೇರಿದರೆ ನೀರು ಕಟ್ಟುತ್ತೆ. ಕೆರೆ ವಿಭಾಗದ ಇಂಜಿನಿಯರ್ ಜಾಗ ನೋಡಿ ಒಪ್ಪಿದ ಮೇಲೇ ಇದೆಲ್ಲ. ನಾವಾಗಿ ಸನಿಕೆ ಹಾಕೋದು ಬೇಡ. 2019ರ ನವೆಂಬರ್‌ 24ರಂದು ಬೆಂಗಳೂರಿನ ಹುಳಿಮಾವು ಕೆರೆ ಒಡೆದಾಗ, ಏರಿ ಅಗೆದಿದ್ದೇ ಕಾರಣ ಅಂತ ವರದಿಯಾಗಿತ್ತು.

ಬಿ ಬ್ಲಾಕ್: ತೂಬು (ಕೆರೆ ನೀರು ಬಿಡೋ ಬಾಗಿಲು) ಎತ್ತಿ ಕೆರೆ ಖಾಲಿ ಮಾಡಿಸಿದರೆ?

5ನೇ ಕ್ರಾಸ್: ಮಟ್ಟ ಇಳಿಸೋದು ಒಳ್ಳೇದು, ಆದರೆ ದಿನಕ್ಕೆ ಒಂದಡಿಗಿಂತ ಹೆಚ್ಚು ಬೇಡ. ನೆನೆದ ಒಳಮಗ್ಗುಲಿಗೆ ಆಸರೆಯಾಗಿರೋದು ಆ ನೀರೇ. ದಿಢೀರ್ ಇಳಿಸಿದರೆ ಆ ಮಗ್ಗುಲು ಅದಕ್ಕೆ ಹೊದಿಸಿದ ಕಲ್ಲುಗಳ ಸಮೇತ ಜಾರುತ್ತೆ. ಹಳೇ ತೂಬು ಎತ್ತಿದ ಮೇಲೆ ಮತ್ತೆ ಕೂರದೇ ಇರಬಹುದು, ಅದನ್ನೂ ಯೋಚಿಸಿ.

ಹಸಿರು ತಂಡ: ಏರಿ ಮೇಲೆ 40 ಹೊಂಗೆ ಸಸಿ ನೆಡೋ ಕಾರ್ಯಕ್ರಮ ಇತ್ತು. ಬೇರು ಮಣ್ಣು ಹಿಡಿಯುತ್ತಲ್ವಾ?

4ನೇ ಕ್ರಾಸ್ (ಮಣ್ಣು ಪರೀಕ್ಷೆ ಲ್ಯಾಬ್): ಏರಿ ಮೇಲೆ ಹುಲ್ಲು ಮಾತ್ರ ಇರಲಿ ಮೇಡಂ. ಸಸಿಗಳನ್ನು ಏರಿ ಬುಡದಿಂದ ದೂರ, ಪಾರ್ಕ್ ಕಡೆ ನೆಡಿ. ಮರ ಸತ್ತರೆ ಬೇರು ಕೊಳೆತು ಅದೇ ಕೊಳವೆ ಆಗುತ್ತೆ. ಹಾಗಂತ ಈಗಿರೋ ದೊಡ್ಡ ಮರ ಕಡಿದು ಬೊಡ್ಡೆ ಬಿಟ್ಟರೂ ಅದೇ ಕತೆ. ಬೊಡ್ಡೆ ತೆಗೆದರೆ ಗುಂಡಿಗೆ ಏರಿ ಮಣ್ಣಿನಂಥದ್ದೇ ಜಿಗುಟು ಮಣ್ಣನ್ನು 15 ಸೆಂ.ಮೀ. ಪದರಗಳಲ್ಲಿ ಹಾಕಿ ದಮ್ಮಸ್ಸು ಮಾಡಬೇಕು, ಅದೂ ಬೇಸಿಗೆಯಲ್ಲಿ ನೀರು ತಗ್ಗಿದಾಗ. ಹೆಗ್ಗಣದ ಬಿಲ, ಗೆದ್ದಲಿನ ಹುತ್ತ ಎಲ್ಲೆಲ್ಲಿವೆ ಅಂತಲೂ ಗುರುತು ಹಾಕಿ. ಟ್ರ್ಯಾಕಿನ ಪೇವರ್ ಬ್ಲಾಕ್ ಚೆಂದ, ಆದರೆ ಕೆಳಗಿನ ಬಿರುಕು ಕಾಣಿಸಲ್ಲ. ಕುಸಿದ ಬ್ಲಾಕನ್ನು ಸುಮ್ಮನೆ ಎತ್ತರಿಸಿ ಕೂರಿಸಬೇಡಿ, ಕೆಳಗೆ ನೋಡಿ.

7ನೇ ಕ್ರಾಸ್: ಎಲ್ಲರೂ ಜಿನುಗಿನ ಬಗ್ಗೆನೇ ಮಾತಾಡ್ತಿದ್ದೀರಿ. ಕೋಡಿಗೆ ಮೀನಿನ ಬಲೆ ಕಟ್ಟಿದ್ದಾರೆ, ಅಂತರಗಂಗೆ ಕಳೆ ಬಂದು ಅಂಟಿಕೊಂಡು ಅರ್ಧ ಮುಚ್ಚಿದೆ. ಅದರ ಮೇಲೆ ಯಾರೋ ಮರಳುಮೂಟೆ ಬೇರೆ ಇಟ್ಟಿದ್ದಾರೆ, ಕೆರೆ ತುಂಬಿ ಕಾಣಲಿ ಅಂತ.

5ನೇ ಕ್ರಾಸ್: ಅದು ಜಿನುಗಿಗಿಂತ ತುರ್ತು! ಕೋಡಿ ಕಟ್ಟಿದರೆ ನೀರು ಏರಿಯ ಮೇಲೇ ಹತ್ತಿ ಹರಿಯುತ್ತೆ, ಮಣ್ಣಿನ ಏರಿ ಅದನ್ನು ತಡೆಯಲ್ಲ. ಮೂಟೆಗಳು ಇವತ್ತೇ ಹೋಗಬೇಕು. ಬಲೆ ವಿಷಯ ಮೀನು ಗುತ್ತಿಗೆದಾರರ ಜೊತೆ ಮಾತಾಡಿ, ಲಿಖಿತವಾಗಿ. ಕೋಡಿ ಕೆಳಗಿನ ರಾಜಕಾಲುವೆ ಹೂಳನ್ನೂ ಅರ್ಜಿಯಲ್ಲಿ ಸೇರಿಸಿ.

ಡಿ ಬ್ಲಾಕ್ (ವಕೀಲರು): 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ನಮಗೆ ಅನ್ವಯಿಸಲ್ಲ. 15 ಮೀಟರ್‌ಗಿಂತ ಎತ್ತರದವು, ಇಲ್ಲಾ 10ರಿಂದ 15 ಮೀಟರ್ ಇದ್ದು ಬೇರೆ ಷರತ್ತುಗಳಿಗೂ ಒಳಪಡುವವು ಮಾತ್ರ ಅದರಲ್ಲಿ. ನಮ್ಮ ಏರಿ 5 ಮೀಟರೂ ಇಲ್ಲ. ಆ ಕಾಯ್ದೆಯಲ್ಲಿರೋ ಮಳೆಗಾಲದ ಮುಂಚಿನ ಮತ್ತು ನಂತರದ ತಪಾಸಣೆಯನ್ನು ನಾವು ಅರ್ಜಿ ಹಾಕಿಯೇ ಕೇಳಬೇಕು. ಕರಡು ನಾಳೆ ಹಾಕ್ತೀನಿ.

ಅಡ್ಮಿನ್: ಸರಿ. ಬಾಟಲಿ, ಬಕೆಟ್ ಲೆಕ್ಕ 4ನೇ ಕ್ರಾಸ್‌ನವರು ದಿನಾ ಬೆಳಿಗ್ಗೆ 7ಕ್ಕೆ. ಮಳೆ ಬಂದ ರಾತ್ರಿ ಇಬ್ಬರು ಟಾರ್ಚ್ ಹಿಡಿದು ಬುಡದ ದಾರಿಯಿಂದ ದೂರವೇ ನಿಂತು ನೋಡಲಿ. ನೀರು ಕೆಂಪಗಾದರೆ, ಕೆರೆಯಲ್ಲಿ ಏರಿ ಹತ್ತಿರ ಸುಳಿ ಕಂಡರೆ, ಏರಿ ಮೇಲೆ ಗುಂಡಿ ಬಿದ್ದರೆ ಗ್ರೂಪಲ್ಲಿ ಕೇಳುತ್ತಾ ಕೂರಬೇಡಿ. 112ಕ್ಕೆ ಫೋನ್ ಮಾಡಿ, ತಗ್ಗಿನಲ್ಲಿರೋ 6, 7ನೇ ಕ್ರಾಸಿನ ನೆಲಮಹಡಿಯವರನ್ನು ಎಬ್ಬಿಸಿ.

7ನೇ ಕ್ರಾಸ್: ಮೂಟೆ ತೆಗೆಯೋಕೆ ಸಂಜೆ 5ಕ್ಕೆ ನಾಲ್ಕು ಜನ ಬೇಕು. ನಾನು ಮತ್ತು ತಮ್ಮ ಇದ್ದೀವಿ, ಇನ್ನಿಬ್ಬರು?

2ನೇ ಕ್ರಾಸ್: ನಾನು ಬರ್ತೀನಿ. ಮೇಸ್ತ್ರಿನೂ ಕರ್ಕೊಂಡು ಬರ್ತೀನಿ, ಸಿಮೆಂಟ್ ಇಲ್ಲದೆ.