‘ರೇಷಿಯಲ್ ಪ್ರೊಫೈಲಿಂಗ್’ಗೆ ‘ಚಹರೆ ಗುಮಾನಿ’ ಆದೀತೇ?

ಎಲ್ಲರಿಗೂ ನಮಸ್ಕಾರ.

ಬೀದಿಯಲ್ಲಿ ಹೋಗುವವರನ್ನು ಅನುಮಾನದ ಮೇಲೆ ನಿಲ್ಲಿಸಿ ಮೈ ತಡಕಿ ನೋಡುವ ನ್ಯೂಯಾರ್ಕ್ ಪೊಲೀಸರ ‘ಸ್ಟಾಪ್ ಆ್ಯಂಡ್ ಫ್ರಿಸ್ಕ್’ ಪದ್ಧತಿಯ ಬಗ್ಗೆ ನ್ಯಾಯಾಧೀಶೆ ಶಿರಾ ಶೆಂಡ್ಲಿನ್ 2013ರ ಆಗಸ್ಟ್‌ನಲ್ಲಿ ಕೊಟ್ಟ ತೀರ್ಪಿನ ಕೆಲವು ಭಾಗಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ತಡೆದು ತಡಕುವುದು’ ಅಂತ ಬರೆದುಕೊಂಡೆ, ಅದು ಸರಿಹೋಯಿತು. ‘ರೇಷಿಯಲ್ ಪ್ರೊಫೈಲಿಂಗ್’, ಅಂದರೆ ಜನಾಂಗ ನೋಡಿಯೇ ಒಬ್ಬರನ್ನು ಅನುಮಾನಿಸುವುದು, ಇದರ ಹತ್ತಿರ ಬಂದು ಎರಡು ವಾರದಿಂದ ನಿಂತಿದ್ದೇನೆ.

ಪತ್ರಿಕೆಗಳ ವಾಡಿಕೆಯಂತೆ ‘ಜನಾಂಗೀಯ ತಾರತಮ್ಯ’ ಎಂದು ಹಾಕಿದರೆ ಮುಖ್ಯವಾದದ್ದೇ ಜಾರಿಹೋಗುತ್ತದೆ. ಬಾಡಿಗೆಗೆ ಮನೆ ಕೊಡದಿರುವುದೂ ತಾರತಮ್ಯವೇ, ಕೆಲಸ ಕೊಡದಿರುವುದೂ ತಾರತಮ್ಯವೇ. ಇಲ್ಲಿ ನಡೆದದ್ದು ಬೇರೆ. ಮೊದಲು ಮೈಬಣ್ಣ ಕಂಡು ಅನುಮಾನ, ಆಮೇಲೆ ಅದಕ್ಕೊಂದು ಕಾರಣದ ಹುಡುಕಾಟ. ತಡೆದ ಮೇಲೆ ಪೊಲೀಸರು ಒಂದು ಫಾರಂ ತುಂಬಬೇಕಿತ್ತು, ಕಾರಣದ ಚೌಕಕ್ಕೆ ಗುರುತು ಹಾಕಬೇಕಿತ್ತು. ಹೆಚ್ಚಾಗಿ ಗುರುತು ಬೀಳುತ್ತಿದ್ದ ಚೌಕಗಳಲ್ಲಿ ಒಂದು ‘ಫರ್ಟಿವ್ ಮೂವ್‌ಮೆಂಟ್ಸ್’, ಅಂದರೆ ಕದ್ದುಮುಚ್ಚಿ ಮಾಡುವಂಥ ಚಲನೆ. ಹಾಗೆಂದರೇನು ಎಂದು ಕೋರ್ಟಿನಲ್ಲಿ ಕೇಳಿದಾಗ ಬಂದ ವಿವರಣೆ: ನಡೆಯುವ ದಿಕ್ಕು ಬದಲಿಸುವುದು, ಜೇಬಿಗೆ ಕೈ ಹಾಕುವುದು, ತೆಗೆಯುವುದು. ಇದನ್ನು ಓದಿದಾಗ ನಮ್ಮ ಅಪರಾಧ ಸುದ್ದಿಗಳ ‘ಅನುಮಾನಾಸ್ಪದವಾಗಿ ಓಡಾಡುತ್ತಿದ್ದ’ ಎಂಬ ಸಾಲು ತಾನಾಗಿ ನೆನಪಾಯಿತು. ಆ ಸಾಲನ್ನು ಇಷ್ಟು ವರ್ಷ ಯೋಚಿಸದೆ ಓದಿಕೊಂಡು ಬಂದಿದ್ದೇನೆ.

2004ರಿಂದ 2012ರ ಜೂನ್‌ವರೆಗೆ ಹೀಗೆ ತಡೆದದ್ದು 44 ಲಕ್ಷ ಸಲ. ಅದರಲ್ಲಿ ಶೇ 52ರಷ್ಟು ಸಲ ಕರಿಯರನ್ನು; ಊರಿನ ಜನಸಂಖ್ಯೆಯಲ್ಲಿ ಅವರ ಪಾಲು ಶೇ 23ರ ಆಸುಪಾಸು. ಶೇ 88ರಷ್ಟು ಸಲ ಬಂಧನವೂ ಇಲ್ಲ, ಸಮನ್ಸೂ ಇಲ್ಲ, ‘ಹೋಗು’ ಅಂತ ಬಿಟ್ಟದ್ದು. ಇದನ್ನೆಲ್ಲ ‘ತಾರತಮ್ಯ’ ಎಂಬ ತಣ್ಣಗಿನ ಪದದೊಳಗೆ ತುರುಕಲು ನನಗೆ ಮನಸ್ಸಿಲ್ಲ.

ನನಗೆ ಹೊಳೆದದ್ದು ‘ಚಹರೆ ಗುಮಾನಿ’. ಎರಡೂ ಠಾಣೆಯ ಮಾತುಗಳೇ. ಕಾಣೆಯಾದವರ ಪ್ರಕಟಣೆ ನೋಡಿ: ‘ಚಹರೆ: ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು.’ ಅಲ್ಲಿ ಚಹರೆ ಒಬ್ಬ ವ್ಯಕ್ತಿಯದು. ಪ್ರೊಫೈಲಿಂಗ್‌ನಲ್ಲಿ ಅದೇ ಚಹರೆ ಲಕ್ಷಾಂತರ ಜನರ ಮೇಲೆ ಬೀಳುತ್ತದೆ. ದೂರೂ ಇರುವುದಿಲ್ಲ, ಕಳ್ಳತನವೂ ನಡೆದಿರುವುದಿಲ್ಲ. ಮುಖ ನೋಡಿ ಮಣೆ ಹಾಕುವುದು ಅಂತೀವಲ್ಲ, ಇದು ಮುಖ ನೋಡಿ ಬೇಡಿ ಹಾಕುವುದು.

ನನ್ನ ಅಳುಕು ಒಂದೇ: ‘ಚಹರೆ’ ಎಂದರೆ ಜನಾಂಗದ ಮಾತು ಕೈಬಿಟ್ಟು ಹೋಗುತ್ತದೆಯೇ? ‘ಜನಾಂಗ ಗುಮಾನಿ’ ಎನ್ನಬಹುದು. ಆದರೆ ನಾವು ಲಂಬಾಣಿ ಜನಾಂಗ, ಕೊರಮ ಜನಾಂಗ ಎಂದು ಜಾತಿ-ಬುಡಕಟ್ಟುಗಳಿಗೂ ಅದೇ ಪದ ಬಳಸುತ್ತೇವೆ. ಹುಟ್ಟಿದ ಕುಲವನ್ನೇ ಅಪರಾಧಿ ಎಂದು ಪಟ್ಟಿ ಮಾಡಿದ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಕಾಟ 1952ರವರೆಗೂ ಇತ್ತು. ಹಾಗಾಗಿ ಈ ಗೊಂದಲ ಕನ್ನಡಕ್ಕೆ ತೊಡಕೋ, ಅನುಕೂಲವೋ ಎಂದು ಯೋಚಿಸುತ್ತಿದ್ದೇನೆ. ಅನುಕೂಲ ಎನ್ನುವ ಕಡೆಗೇ ನನ್ನ ಮನಸ್ಸು ವಾಲುತ್ತಿದೆ.

ಜೊತೆಗೆ ಇನ್ನೊಂದು. ‘ಅಕೌಂಟಬಿಲಿಟಿ’ಗೆ ‘ಉತ್ತರದಾಯಿತ್ವ’ ಬಾಯಿಗೆ ಸಲೀಸಲ್ಲ. ‘ಜವಾಬ್ದಾರಿ’ಯ ಬೇರು ಜವಾಬು, ಅಂದರೆ ಉತ್ತರವೇ, ಈಗ ಅದು ಬರೀ ಕರ್ತವ್ಯವಾಗಿಬಿಟ್ಟಿದೆ. ತಡೆದವನು ತಡೆಸಿಕೊಂಡವನಿಗೆ ‘ಜವಾಬು ಕೊಡಬೇಕು’ ಎಂದು ಬಿಡಿಸಿ ಬರೆದರೆ ಹೇಗೆ? ಠಾಣೆ, ಕೋರ್ಟುಗಳ ಕನ್ನಡ ದಿನವೂ ಕೇಳುವವರು ಇಲ್ಲಿದ್ದರೆ ದಯವಿಟ್ಟು ಹೇಳಿ: ಸಿಬ್ಬಂದಿ ತಮ್ಮತಮ್ಮಲ್ಲೇ ಇದಕ್ಕೆ ಬಳಸುವ ಮಾತು ಯಾವುದು?