ಮೊದಲ ಸಲ ಹಿಮ ನೋಡಲು ಹೊರಟಿದ್ದೇವೆ, ನಿಮಗೆ ಏನು ಆಶ್ಚರ್ಯವಾಗಿತ್ತು?

ಪ್ರಶ್ನೆ: ಮುಂದಿನ ತಿಂಗಳು ಹಿಮ ಬೀಳುವ ಕಡೆ ಹೋಗುತ್ತಿದ್ದೇವೆ. ಮಗಳಿಗೆ ಒಂಬತ್ತು ವರ್ಷ, ಬಾಯಿ ತೆರೆದರೆ ಪ್ರಶ್ನೆ. ಸ್ವೆಟರ್, ಬೂಟಿನ ಪಟ್ಟಿ ಬೇಡ, ಅದು ಎಲ್ಲ ಕಡೆ ಸಿಗುತ್ತದೆ. ಅಲ್ಲಿಗೆ ಹೋದ ಮೇಲೆ ನೀವು ಬೆರಗಾಗಿದ್ದು ಯಾವುದಕ್ಕೆ, ಅದನ್ನು ಹೇಳಿ.

ಉತ್ತರ: ಬಿಸಿಲಿಗೆ! ನಗಬೇಡಿ. ಚಳಿಗೆ ಹೆದರಿ ಕಿವಿ ಮುಚ್ಚಿಕೊಂಡು ಹೋದವನು ಗದ್ದದ ಅಡಿ, ಮೂಗಿನ ಕೆಳಗೆ ಚರ್ಮ ಸುಟ್ಟುಕೊಂಡು ಬಂದೆ. ಹೊಸದಾಗಿ ಬಿದ್ದ ಹಿಮ ನೇರಳಾತೀತ ಕಿರಣಗಳಲ್ಲಿ ಶೇ. 80ರಷ್ಟನ್ನು ವಾಪಸ್ ಕಳಿಸುತ್ತದೆ. ಅಂದರೆ ಬಿಸಿಲು ಕೆಳಗಿನಿಂದಲೂ ಬಡಿಯುತ್ತದೆ. ಸನ್‌ಸ್ಕ್ರೀನ್ ಗದ್ದದ ಅಡಿಗೂ ಹಚ್ಚಿ. ಕಪ್ಪು ಕನ್ನಡಕ ಶೋಕಿಗಲ್ಲ. ಅದಿಲ್ಲದೆ ಇಡೀ ದಿನ ಆಡಿದರೆ ಸಂಜೆ ಕಣ್ಣಿಗೆ ಮರಳು ಬಿದ್ದ ಹಾಗೆ ಉರಿ.

ಉತ್ತರ: ಮಗಳಿಗೆ ಒಂದು ಭೂತಗನ್ನಡಿ ಕೊಡಿ, ಜೊತೆಗೆ ಕಪ್ಪು ಬಟ್ಟೆ. ಬಟ್ಟೆಯನ್ನು ಅರ್ಧ ಗಂಟೆ ಹೊರಗಿಟ್ಟು ತಣ್ಣಗೆ ಮಾಡಿ, ಇಲ್ಲದಿದ್ದರೆ ಹಿಮದ ಹರಳು ಬಿದ್ದ ಕೂಡಲೇ ಕರಗುತ್ತದೆ. ನೋಡುವಾಗ ಉಸಿರು ಬಿಗಿಹಿಡಿಯಬೇಕು, ಅಷ್ಟೇ. ಆರು ಕೈಗಳು ಕಾಣುತ್ತವೆ, ಏಕೆಂದರೆ ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯಲ್ಲಿ ಕೂರುತ್ತವೆ. ಎಲ್ಲವೂ ನಕ್ಷತ್ರದ ಹಾಗಿರುವುದಿಲ್ಲ. ಮೋಡದಲ್ಲಿ ಮೈನಸ್ 15 ಡಿಗ್ರಿ ಸುತ್ತಮುತ್ತ ಇದ್ದರೆ ನಕ್ಷತ್ರ, ಮೈನಸ್ 5ರ ಹತ್ತಿರ ಸೂಜಿ. ಅಮೆರಿಕದ ವರ್ಮಾಂಟಿನ ರೈತ ವಿಲ್ಸನ್ ಬೆಂಟ್ಲಿ 1885ರಲ್ಲಿ ಸೂಕ್ಷ್ಮದರ್ಶಕಕ್ಕೆ ಕ್ಯಾಮೆರಾ ಜೋಡಿಸಿ ಒಂದೇ ಹರಳಿನ ಫೋಟೊ ತೆಗೆದ. ಆಮೇಲೆ ಬಿಡಲೇ ಇಲ್ಲ, 5,000ಕ್ಕೂ ಜಾಸ್ತಿ ತೆಗೆದ! ಜಪಾನಿನ ಉಕಿಚಿರೊ ನಕಾಯ 1936ರಲ್ಲಿ ಪ್ರಯೋಗಾಲಯದಲ್ಲೇ ಹರಳು ಬೆಳೆಸಿದರು, ಅದೂ ಮೊಲದ ಕೂದಲಿನ ಮೇಲೆ. ಮಗಳಿಗೆ ಈ ಮೊಲದ ಕಥೆ ಖಂಡಿತ ಇಷ್ಟವಾಗುತ್ತದೆ.

ಉತ್ತರ: ಫೋನ್ ಒಳಜೇಬಿನಲ್ಲಿರಲಿ. ಅರ್ಧ ಚಾರ್ಜ್ ಇದ್ದರೂ ಚಳಿಗೆ ಸುಮ್ನೆ ಆಫ್ ಆಗಿಬಿಡುತ್ತದೆ. ಬೆಚ್ಚಗಾದರೆ ತಾನೇ ಸರಿಹೋಗುತ್ತದೆ, ಅಲ್ಲಿಯವರೆಗೆ ಚಾರ್ಜಿಗೆ ಹಾಕಬೇಡಿ.

ಉತ್ತರ: ನನಗೆ ನೆನಪಿರುವುದು ಸದ್ದು. ರಾತ್ರಿಯಿಡೀ ಹಿಮ ಬಿದ್ದ ಬೆಳಗ್ಗೆ ಲೋಕಕ್ಕೇ ಹತ್ತಿ ತುಂಬಿದ ಹಾಗಿರುತ್ತದೆ. ಹೊಸ ಹಿಮದಲ್ಲಿ ಗಾಳಿಯೇ ಜಾಸ್ತಿ, ಸದ್ದು ಆ ಸಂದುಗಳಲ್ಲಿ ಅಡಗಿಹೋಗುತ್ತದೆ. ಚಳಿ ತುಂಬಾ ಹೆಚ್ಚಾದಾಗ ಕಾಲಡಿ ಕಿರ್ ಕಿರ್ ಅನ್ನುತ್ತದೆ. ನಿಂತು ಕೇಳಿ.

ಪ್ರಶ್ನೆ ಕೇಳಿದವರು: ಬಾಯಾರಿದರೆ ಹಿಮವನ್ನೇ ತಿನ್ನಬಹುದಾ ಅಂತ ಕೇಳುತ್ತಿದ್ದಾಳೆ.

ಉತ್ತರ: ಒಂದು ಚಿಟಿಕೆ ನಾಲಿಗೆ ಮೇಲಿಡಲಿ, ಸಾಕು. ಅದನ್ನು ಕರಗಿಸಲು ಮೈಯ ಬಿಸಿಯೇ ಖರ್ಚಾಗಬೇಕು ಅಲ್ವಾ? ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ಯಿರಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ನನ್ನ ಕಪ್ಪು ಕರ್ಚೀಫು ಈಗಾಗಲೇ ಫ್ರೀಜರ್ ಸೇರಿದೆ. ಮೊಲ ಬೇಕು ಅಂತ ಹಟ ಶುರುವಾಗಿದೆ.