‘ರಾತ್ರಿಜೀವನ’ ಎಂಬ ಪದ, ಲಿಂಟ್ಸ್‌ನ ಇರುಳು ಮತ್ತು ಚಿಕ್ಕಮ್ಮನ ಫೋನ್

ಬಳಗದ ಎಲ್ಲರಿಗೂ ನಮಸ್ಕಾರ.

ಕಳೆದ ಸೆಪ್ಟೆಂಬರಿನಲ್ಲಿ ಆಸ್ಟ್ರಿಯಾದ ಲಿಂಟ್ಸ್ ಊರಿನ ‘ಆರ್ಸ್ ಎಲೆಕ್ಟ್ರೋನಿಕಾ’ ಉತ್ಸವಕ್ಕೆ ಹೋಗಿ ಬಂದು, ಮ್ಯೂನಿಕ್‌ನಲ್ಲಿರುವ ಕೆಲವು ಕನ್ನಡಿಗರು ಸೇರಿ ಹೊರತರುವ ಸಣ್ಣ ಸಂಚಿಕೆಗೆ ಒಂದು ಲೇಖನ ಬರೆದೆ. ‘ಅಲ್ಲಿನ ನೈಟ್‌ಲೈಫ್’ ಎಂದು ನಾನು ಬರೆದದ್ದನ್ನು ಸಂಪಾದಕರು ‘ಅಲ್ಲಿನ ರಾತ್ರಿಜೀವನ’ ಎಂದು ತಿದ್ದಿದರು. ಸಂಚಿಕೆ ವಾಟ್ಸ್‌ಆ್ಯಪ್ ಹಿಡಿದು ಊರು ತಲುಪಿದ ಮರುದಿನವೇ ಕುಂದಾಪುರದಿಂದ ಚಿಕ್ಕಮ್ಮನ ಫೋನ್: “ಏನೋ, ನಾಲ್ಕು ದಿನ ಅಲ್ಲಿ ರಾತ್ರಿಜೀವನ ಮಾಡಿ ಬಂದೆಯಂತೆ? ಹೆಂಡತಿಗೆ ಗೊತ್ತಿದೆಯೇ?” ಹೆಂಡತಿ ನಾಲ್ಕು ದಿನವೂ ಜೊತೆಯಲ್ಲೇ ಇದ್ದಳು. ಆದರೂ ಚಿಕ್ಕಮ್ಮನನ್ನು ದೂರುವಂತಿಲ್ಲ. ಪದವೇ ಹಾಗಿದೆ.

ಸಂದರ್ಭವನ್ನು ಸ್ವಲ್ಪ ಹೇಳಿಬಿಡುತ್ತೇನೆ. ಲಿಂಟ್ಸ್ ಡ್ಯಾನ್ಯೂಬ್ ದಂಡೆಯ ಊರು. ಎರಡು ಲಕ್ಷ ಚಿಲ್ಲರೆ ಜನ, ಉಕ್ಕಿನ ಕಾರ್ಖಾನೆಗೆ ಹೆಸರುವಾಸಿ. ಡಿಜಿಟಲ್ ಕಲೆಯ ಈ ಉತ್ಸವ ಅಲ್ಲಿ ಆರಂಭವಾದದ್ದು 1979ರಲ್ಲಿ. ಮನೆಮನೆಗೆ ಕಂಪ್ಯೂಟರ್ ಬರುವುದಕ್ಕೂ ಎಷ್ಟೋ ಮೊದಲು. ನಾವು ಹೋದಾಗ ಮುಖ್ಯ ತಾಣ ರೈಲು ನಿಲ್ದಾಣದ ಪಕ್ಕದ ‘ಪೋಸ್ಟ್‌ಸಿಟಿ’, ಅಂದರೆ ಅಂಚೆಯವರು ಖಾಲಿ ಮಾಡಿಹೋದ ಪಾರ್ಸೆಲ್ ವಿಂಗಡಣೆಯ ಕಟ್ಟಡ. ಪೊಟ್ಟಣಗಳು ಜಾರಿ ಇಳಿಯುತ್ತಿದ್ದ ಸುರುಳಿ ಸುರುಳಿ ಜಾರುಬಂಡಿಗಳು ಆಗಲೂ ಅಲ್ಲೇ ನಿಂತಿದ್ದವು. ಹಗಲು ನೋಡಿದ ಕಲಾಕೃತಿಗಳ ಮಾತು ಇಲ್ಲಿ ಬೇಡ (‘ಇನ್‌ಸ್ಟಲೇಶನ್’ಗೆ ‘ಪ್ರತಿಷ್ಠಾಪನೆ’ ಎಂದು ಬರೆದು, ಅದಕ್ಕೂ ಚಿಕ್ಕಮ್ಮನಿಂದ “ಯಾವ ದೇವರದು?” ಎಂದು ಕೇಳಿಸಿಕೊಂಡಾಗಿದೆ). ರಾತ್ರಿ ಅದೇ ಕಟ್ಟಡದ ಉದ್ದನೆಯ ಹಜಾರದಲ್ಲಿ ಸಂಗೀತ. ಬಾಗಿಲಲ್ಲಿ ಕಿವಿಗೆ ತುರುಕಿಕೊಳ್ಳಲು ಹಳದಿ ಸ್ಪಂಜಿನ ಬಿರಡೆ ಕೊಟ್ಟರು. ತುರುಕಿಕೊಂಡರೂ ಮಂದ್ರದ ಸದ್ದು ನೆಲದಿಂದ ಪಾದಕ್ಕೆ, ಪಾದದಿಂದ ಮೊಣಕಾಲಿಗೆ ಏರುತ್ತಿತ್ತು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೈಚೀಲವನ್ನು ಎದೆಗವಚಿಕೊಂಡು, ಕಣ್ಣು ಮುಚ್ಚಿ, ಹರಿಕಥೆ ಕೇಳುವವರಂತೆ ತಲೆದೂಗುತ್ತಿದ್ದರು. ಇವರು ಮಾಡುತ್ತಿದ್ದುದು ‘ರಾತ್ರಿಜೀವನ’ವೇ?

ತೊಡಕಿರುವುದು ‘ರಾತ್ರಿ’ಯಲ್ಲಲ್ಲ, ‘ಜೀವನ’ದಲ್ಲಿ ಎಂದು ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ಇನ್ನೊಂದು ಪದದ ಬೆನ್ನಿಗೆ ಅಂಟಿದ ‘ಜೀವನ’ ಬಹುಮಟ್ಟಿಗೆ ಬಾಳಿನ ಸ್ಥಿತಿಯನ್ನು ಹೇಳುತ್ತದೆ: ದಾಂಪತ್ಯಜೀವನ, ಆಶ್ರಮಜೀವನ, ವಿದ್ಯಾರ್ಥಿಜೀವನ. ಒಂದು ಸಂಜೆ ಹೊರಗೆ ಹೋಗಿ ಬಂದದ್ದಕ್ಕೆ ಈ ಪದ ಹಚ್ಚಿದರೆ, ಇವನಿಗೆ ಹಗಲಿನದೊಂದು ಬಾಳು, ಇರುಳಿನದೇ ಇನ್ನೊಂದು ಬಾಳು ಇದೆ ಎಂಬ ವಾಸನೆ ಬರುತ್ತದೆ. ಸಂಸ್ಕೃತದ ಮೊರೆ ಹೋದರೆ ಇನ್ನೂ ಕಷ್ಟ. ಇರುಳಲ್ಲಿ ತಿರುಗುವವನು ‘ನಿಶಾಚರ’, ಅಂದರೆ ರಾಕ್ಷಸ. ಹೆಣ್ಣಾದರೆ ‘ಅಭಿಸಾರಿಕೆ’; ಅವಳು ಎಲ್ಲಿಗೆ ಹೊರಟವಳೆಂದು ಅಲಂಕಾರಶಾಸ್ತ್ರ ಓದಿದವರಿಗೆ ಹೇಳಬೇಕಾಗಿಲ್ಲ. ‘ಇರುಳ ಬದುಕು’ ಎಂದರೆ ಕಿವಿಗೆ ಹಿತ, ಆದರೆ ಅದು ಗೂಬೆ, ಬಾವಲಿಗಳ ಬಗೆಗಿನ ಪಾಠದ ತಲೆಬರಹದಂತಿದೆ.

ಇಂಗ್ಲಿಷಿನ ಆ ‘ಲೈಫ್’ ಬಾಳಲ್ಲ, ಲವಲವಿಕೆ. ಅದಕ್ಕೆ ನಮ್ಮಲ್ಲಿ ‘ಕಳೆ’ ಇದೆ. ಜಾತ್ರೆ ಕಳೆಗಟ್ಟಿತು, ಮದುವೆಮನೆಗೆ ಕಳೆ ಬಂತು ಎನ್ನುತ್ತೇವಲ್ಲ, ಅದೇ. ನದಿಯ ಆಚೆ ದಂಡೆಯಲ್ಲಿ ಆರ್ಸ್ ಎಲೆಕ್ಟ್ರೋನಿಕಾ ಕೇಂದ್ರದ ಗಾಜಿನ ಗೋಡೆಗಳು ಒಳಗಿನ ಎಲ್‌ಇಡಿ ದೀಪಗಳಿಂದ ನೀಲಿಯಿಂದ ಕೆಂಪಿಗೆ ತಿರುಗುವಾಗ, ಈಚೆ ದಂಡೆಯಲ್ಲಿ ಲೆಂಟೋಸ್ ಕಲಾಸಂಗ್ರಹಾಲಯವೂ ಬೆಳಗಿ ಎರಡರ ಬಣ್ಣವೂ ನೀರಿನಲ್ಲಿ ಕಲೆಸಿಹೋಗುವಾಗ, ‘ಊರು ಇರುಳಿನಲ್ಲಿ ಕಳೆಗಟ್ಟಿತ್ತು’ ಎಂದರೆ ಸಾಕು, ಚಿಕ್ಕಮ್ಮನೂ ಒಪ್ಪುತ್ತಾರೆ. ಆದರೆ ನಾಮಪದ ಮಾಡಲು ಹೊರಟು ‘ಇರುಳುಗಳೆ’ ಎಂದರೆ ಯಾರೋ ಹೊಲದಲ್ಲಿ ಕಳೆ ಕೀಳಲು ಬರುತ್ತಾರೆ. ‘ರಾತ್ರಿ ಕಳೆ’ ಎಂದು ಬಿಡಿಸಿ ಬರೆದರೆ ಹೇಗಾದರೂ ಬೆಳಗು ಮಾಡು ಎಂಬ ಅಪ್ಪಣೆಯಾಗುತ್ತದೆ.

ಈ ಬಗ್ಗೆ ಆ ಊರಿನವರನ್ನೇ ಕೇಳಿದ್ದೆ. ಕೇಂದ್ರದ ಪಕ್ಕದಲ್ಲೇ ‘ಷ್ಟಾಟ್‌ವೆರ್ಕ್‌ಷ್ಟಾಟ್’ ಎಂಬ ಕಲಾವಿದರ ಮನೆಯಿದೆ. ಉತ್ಸವದ ಹೊತ್ತಿನಲ್ಲಿ ಅವರದೇ 48 ಗಂಟೆಗಳ ಕಾರ್ಯಕ್ರಮ ನಡೆಯುತ್ತದೆ. ಅದೇ ಕಟ್ಟಡದ ಕೆಫೆಯ ಹೆಸರು ‘ಷ್ಟ್ರೋಮ್’. ಜರ್ಮನ್‌ನಲ್ಲಿ ಈ ಪದಕ್ಕೆ ದೊಡ್ಡ ನದಿ ಎಂದೂ ಅರ್ಥ, ಕರೆಂಟ್ ಎಂದೂ ಅರ್ಥ. ಡ್ಯಾನ್ಯೂಬಿನ ದಡದಲ್ಲಿ ವಿದ್ಯುತ್ ಕಲೆಯ ಮಗ್ಗುಲಿಗೆ ಇದಕ್ಕಿಂತ ಒಪ್ಪುವ ಹೆಸರು ಇನ್ನೊಂದಿಲ್ಲ. ನಮ್ಮ ‘ಪ್ರವಾಹ’ಕ್ಕೂ ಎರಡೂ ಕಡೆ ಕಾಲಿದೆ, ಆದರೆ ಪತ್ರಿಕೆಯವರು ಅದನ್ನು ನೆರೆಗೆ ಎಷ್ಟು ಸವೆಸಿದ್ದಾರೆಂದರೆ ‘ಕೆಫೆ ಪ್ರವಾಹ’ ಎಂದರೆ ಗಂಜಿಕೇಂದ್ರ ನೆನಪಾಗುತ್ತದೆ. ಇರಲಿ. ಅಲ್ಲಿ ಪಾನೀಯದ ಜೊತೆ ಲೋಟಕ್ಕೂ ದುಡ್ಡು ಕಟ್ಟಿಸಿಕೊಳ್ಳುತ್ತಾರೆ, ಲೋಟ ಮರಳಿಸಿದರೆ ದುಡ್ಡು ವಾಪಸ್. ನಾನು ಲೋಟ ಒಡೆದೆ. ಚುನಾವಣೆಗೆ ನಿಲ್ಲದೆಯೇ ಠೇವಣಿ ಕಳೆದುಕೊಂಡವನು ನಮ್ಮ ಮನೆತನದಲ್ಲಿ ನಾನೊಬ್ಬನೇ.

ಚೂರು ಗುಡಿಸಲು ಬಂದ ಹುಡುಗಿಯನ್ನು ಮಾತಿಗೆಳೆದೆ. ‘ನಾಖ್ಟ್‌ಲೇಬೆನ್’ (ಅಕ್ಷರಶಃ ರಾತ್ರಿಜೀವನವೇ) ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ, ಮಾತಿನಲ್ಲಿ ನಾವು ‘ಫೋರ್ಟ್‌ಗೇಯೆನ್’ ಎನ್ನುತ್ತೇವೆ ಎಂದಳು. ಅದು ಕ್ರಿಯಾಪದ. ಬಿಡಿಸಿದರೆ ‘ಹೊರಟುಹೋಗು’ ಎಂದಷ್ಟೇ. ಆಸ್ಟ್ರಿಯಾದಲ್ಲಿ “ಇವತ್ತು ಹೊರಡುತ್ತೀಯಾ?” ಎಂದು ಗೆಳೆಯರು ಕೇಳಿದರೆ ರಾತ್ರಿ, ಸಂಗೀತ, ಗುಂಪು ಎಲ್ಲ ಅದರೊಳಗೇ ಬಂತು, ಬಿಡಿಸಿ ಹೇಳಬೇಕಿಲ್ಲ.

ಥಟ್ಟನೆ ನನಗೆ ನಮ್ಮ ‘ಆಟಕ್ಕೆ ಹೋಗು’ ನೆನಪಾಯಿತು. ಕರಾವಳಿಯಲ್ಲಿ ‘ನಾಳೆ ಆಟಕ್ಕೆ ಹೋಗುವುದು’ ಎಂದರೆ ಯಕ್ಷಗಾನ ಎಂದು ಯಾರೂ ವಿವರಿಸುವುದಿಲ್ಲ, ರಾತ್ರಿ ಎಂದಂತೂ ಹೇಳುವುದೇ ಇಲ್ಲ. ಗದ್ದೆಯ ಅಂಚಿನ ಚರುಮುರಿ ಅಂಗಡಿ, ಗ್ಯಾಸ್‌ಲೈಟಿನ ಕೆಳಗಿನ ಆಮ್ಲೆಟ್, ನಡುರಾತ್ರಿಯ ತೂಕಡಿಕೆ, ಬೆಳಗಿನ ಜಾವದ ಚೆಂಡೆಗೆ ಬೆಚ್ಚಿ ಏಳುವುದು, ಎಲ್ಲವೂ ಆ ಎರಡು ಪದಗಳಲ್ಲಿ ಇರುತ್ತಿತ್ತು. ಈಗ ಕಾಲಮಿತಿಯ ಆಟಗಳೇ ಹೆಚ್ಚಾಗಿ, ‘ಆಟ’ಕ್ಕೆ ಅಂಟಿದ್ದ ರಾತ್ರಿ ಸಡಿಲವಾಗುತ್ತಿದೆ, ಆ ಮಾತು ಬೇರೆ. ಧಾರವಾಡದ ಕಡೆ ಸಂಗೀತಕ್ಕೆ ‘ಅಹೋರಾತ್ರಿ’ ಎನ್ನುತ್ತಾರೆ. ಅದು ಗಂಭೀರ ಪದ, ಲೋಟ ಒಡೆಯುವವರಿಗೆ ಒಗ್ಗುವುದಿಲ್ಲ.

ಇನ್ನೊಂದು ಪದವೂ ಬಾಕಿಯಿದೆ. ಉತ್ಸವದ ಶನಿವಾರ ರಾತ್ರಿ ನದಿದಂಡೆಯ ಉದ್ಯಾನದಲ್ಲಿ ‘ಕ್ಲಾಂಗ್‌ವೋಲ್ಕೆ’ ನಡೆಯುತ್ತದೆ. ಸಂಗೀತ, ಬೆಳಕು, ದೋಣಿಗಳು, ಬಾಣಬಿರುಸು. ಟಿಕೆಟ್ ಇಲ್ಲ, ಊರೇ ಚಾಪೆ ಹಿಡಿದು ಬರುತ್ತದೆ. 1979ರ ಮೊದಲ ಸಲ ಅಲ್ಲಿ ಧ್ವನಿವರ್ಧಕಗಳಿಂದ ಹರಿದದ್ದು ಸಂಗೀತಕಾರ ಬ್ರುಕ್ನರ್‌ನ 8ನೆಯ ಸಿಂಫನಿ. ಮನೆಯಲ್ಲಿದ್ದವರು ರೇಡಿಯೋವನ್ನು ಕಿಟಕಿಯಲ್ಲಿ ಇಟ್ಟು ಅದೇ ಪ್ರಸಾರವನ್ನು ಬೀದಿಗೆ ಕೇಳಿಸಿದ್ದರಂತೆ. ‘ಕ್ಲಾಂಗ್’ ಎಂದರೆ ಬರಿಯ ಸದ್ದಲ್ಲ, ಅನುರಣಿಸುವ ಸದ್ದು. ‘ವೋಲ್ಕೆ’ ಎಂದರೆ ಮೋಡ. ‘ನಾದಮೇಘ’ ಎಂದರೆ ರಾಗದ ಹೆಸರಾಗುತ್ತದೆ. ‘ನಾದಮುಗಿಲು’ ನನಗೆ ಇಷ್ಟ, ಆದರೆ ಸಂಸ್ಕೃತಕ್ಕೆ ಕನ್ನಡ ಬೆಸೆದ ಅರಿಸಮಾಸ. ವ್ಯಾಕರಣಕಾರ ಕೇಶಿರಾಜನ ಕಡೆಯವರು ಈ ಬಳಗದಲ್ಲಿ ಯಾರು ಯಾರಿದ್ದಾರೆಂದು ನನಗೆ ಗೊತ್ತು. ‘ದನಿಮುಗಿಲು’ ಎಂದರೆ ವ್ಯಾಕರಣ ಸುಮ್ಮನಿರುತ್ತದೆ, ಆದರೆ ‘ದನಿ’ಯಲ್ಲಿ ಮನುಷ್ಯರ ಕಂಠವೇ ಹೆಚ್ಚು ಕೇಳಿಸುತ್ತದೆ. ಸದ್ಯಕ್ಕೆ ನನ್ನ ಮತ ಅರಿಸಮಾಸಕ್ಕೇ.

ಲೇಖನವನ್ನು ಮತ್ತೆ ಅಚ್ಚಿಗೆ ಕೊಡಬೇಕಾಗಿದೆ, ಹಾಗಾಗಿ ಕೇಳುತ್ತಿದ್ದೇನೆ. ಊರಿನ ಬಗ್ಗೆ ಹೇಳುವಾಗ ‘ಕಳೆಗಟ್ಟು’ ಎಂದು ಬಳಸುವುದೆಂದು ನಿಶ್ಚಯಿಸಿದ್ದೇನೆ. ಮನುಷ್ಯರ ಬಗ್ಗೆ ಹೇಳುವಾಗ ನನಗೆ ಬೇಕಾದದ್ದು ಒಂದು ಕ್ರಿಯಾಪದ. ಘಟ್ಟದ ಮೇಲಿನವರು, ದೊಡ್ಡಾಟ ಸಣ್ಣಾಟಗಳ ಸೀಮೆಯವರು, ಮೂಡಲಪಾಯ ನೋಡಿ ಬೆಳೆದವರು ಇರುಳು ಹೊರಟು ಗುಂಪಿನಲ್ಲಿ ಬೆಳಗು ಮಾಡುವುದಕ್ಕೆ ಮನೆಮಾತಿನಲ್ಲಿ ಏನನ್ನುತ್ತಿದ್ದಿರಿ? ‘ಜಾಗರಣೆ’ ಎಂದು ದಯವಿಟ್ಟು ಸೂಚಿಸಬೇಡಿ. ಅದನ್ನು ಚಿಕ್ಕಮ್ಮನ ಮುಂದೆ ಒಮ್ಮೆ ಪ್ರಯೋಗಿಸಿ ನೋಡಿದ್ದೇನೆ. ಹಾಗಾದರೆ ಉಪವಾಸವೂ ಇದ್ದೆಯಾ ಎಂದು ಕೇಳಿದರು.